ಬ್ಲಾಕ್ ಕೊಟ್ಟ ಮೇಲೆ ರಕ್ತದಲ್ಲಿ ಬ್ಯೂಪಿವಕೇನ್ ಎಷ್ಟು? ನಾನು ಅಳೆದ ಬಗೆ

ಸಿಸೇರಿಯನ್ ಆದ ಮೇಲೆ ನೋವು ತಡೆಯಲು ಹೊಟ್ಟೆಯ ಎರಡೂ ಬದಿಗೆ ಟ್ಯಾಪ್ ಬ್ಲಾಕ್ ಕೊಡುತ್ತಾರೆ, ಅಂದರೆ ಹೊಟ್ಟೆಯ ಗೋಡೆಯ ಸ್ನಾಯು ಪದರಗಳ ನಡುವೆ ಮರಗಟ್ಟಿಸುವ ಮದ್ದಿನ ಇಂಜೆಕ್ಷನ್. ಆ ಮದ್ದು, ಬ್ಯೂಪಿವಕೇನ್, ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಕೇಳುವುದು ಮೆಷಿನ್ ಬಗ್ಗೆ. ನನ್ನ ತಲೆ ತಿಂದಿದ್ದು ಟ್ಯೂಬು ಮತ್ತು ಗಡಿಯಾರ.

ರಕ್ತಕಣ ಬೇರ್ಪಡಿಸಲು ಒಳಗೆ ಜೆಲ್ ಇರುವ ಟ್ಯೂಬ್ ಬೇಡವೇ ಬೇಡ ಅಂತ ವಾರ್ಡಿಗೆ ಮೊದಲೇ ಹೇಳಿಬಿಟ್ಟೆ. ಇದು ಕೊಬ್ಬಿನಲ್ಲಿ ಕರಗುವ ಮದ್ದು, ಜೆಲ್ ಒಂದಷ್ಟನ್ನು ಹೀರಿಕೊಂಡರೆ ಲೆಕ್ಕವೇ ಕೆಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬ್ ಸಾಕು. ಮಟ್ಟ ಸುಮಾರು ಅರ್ಧ ಗಂಟೆಗೆ ತುದಿ ಮುಟ್ಟುತ್ತದೆ, ಹಾಗಾಗಿ 10, 20, 30, 45, 60 ನಿಮಿಷಕ್ಕೆ ರಕ್ತ ತೆಗೆಸಿದೆ, ಆಮೇಲೆ 2 ಮತ್ತು 4 ಗಂಟೆಗೆ. ಟ್ಯೂಬಿನ ಮೇಲೆ ಬರೆಯಬೇಕಾದ್ದು ರಕ್ತ ತೆಗೆಯಲು ನಿಜವಾಗಿ ಸೂಜಿ ಹಾಕಿದ ಹೊತ್ತು, ಚಾರ್ಟಿನಲ್ಲಿರುವ ಹೊತ್ತಲ್ಲ. ಬ್ಲಾಕಿಗೆ ಮುಂಚಿನ ಸ್ಯಾಂಪಲ್ಲನ್ನೂ ಬಿಡಬಾರದು. ಆಪರೇಷನ್ನಿಗೆ ಅಂತ ಬೆನ್ನಿಗೆ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲೂ (ಸ್ಪೈನಲ್) ಇದೇ ಬ್ಯೂಪಿವಕೇನ್ ಇರುತ್ತದಲ್ವಾ, ಶುರುವಿನ ಮಟ್ಟ ಸೊನ್ನೆ ಅಂತ ಸುಮ್ನೆ ಅಂದುಕೊಳ್ಳೋಕಾಗಲ್ಲ.

ಲ್ಯಾಬ್ ಕೆಲಸ ಸರಳ. 200 ಮೈಕ್ರೋಲೀಟರ್ ಪ್ಲಾಸ್ಮಾ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವ), ಅದಕ್ಕೆ ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ, ಅಂದರೆ ಹೋಲಿಸಿ ಅಳೆಯಲು ಗೊತ್ತಿರುವ ಪ್ರಮಾಣದಲ್ಲಿ, ಡ್ಯುಟೇರಿಯಂ (ಭಾರದ ಹೈಡ್ರೋಜನ್) ಸೇರಿಸಿ ತಯಾರಿಸಿದ ಬ್ಯೂಪಿವಕೇನ್, ಪ್ರೋಟೀನು ಕೆಳಗಿಳಿಸಲು ಮೂರು ಪಟ್ಟು ಅಸಿಟೋನೈಟ್ರೈಲ್, ಚೆನ್ನಾಗಿ ಕುಲುಕಿ ಸೆಂಟ್ರಿಫ್ಯೂಜ್. ಮೇಲಿನ ತಿಳಿಯನ್ನು ಎಲ್‌ಸಿ-ಎಂಎಸ್‌ಗೆ, ಅಂದರೆ ಮದ್ದನ್ನು ಬೇರ್ಪಡಿಸಿ ಅದರ ಅಯಾನಿನ ತೂಕದಿಂದ ಗುರುತಿಸುವ ಮೆಷಿನ್ನಿಗೆ, ಬಿಟ್ಟು 289 ತೂಕದ ಬ್ಯೂಪಿವಕೇನ್ ಅಯಾನು 140ರ ತುಂಡಾಗಿ ಒಡೆಯುವುದನ್ನು ನೋಡಿದೆ. ಇಂಟರ್ನಲ್ ಸ್ಟ್ಯಾಂಡರ್ಡ್‌ಗೆ ಅದೇ ಗುಂಪಿನ ರೋಪಿವಕೇನ್ ಹಾಕಿದರೆ ಅಗ್ಗ, ಆದರೆ ಪೇಷಂಟಿಗೆ ಯಾರೂ ರೋಪಿವಕೇನ್ ಕೊಟ್ಟಿಲ್ಲ ಅಂತ ಗ್ಯಾರಂಟಿ ಯಾರು ಕೊಡುತ್ತಾರೆ? ಕ್ಯಾಲಿಬ್ರೇಶನ್ ಮಾಡಿದ್ದು ಮದ್ದಿಲ್ಲದ ಪ್ಲಾಸ್ಮಾಕ್ಕೆ ಗೊತ್ತಿರುವಷ್ಟು ಮದ್ದು ಸೇರಿಸಿ, ಮಿಲಿಲೀಟರಿಗೆ 10ರಿಂದ 2000 ನ್ಯಾನೋಗ್ರಾಂವರೆಗೆ. ಕ್ಯೂಸಿ, ಅಂದರೆ ಮಟ್ಟ ಮೊದಲೇ ಗೊತ್ತಿರುವ ಪರೀಕ್ಷಾ ಸ್ಯಾಂಪಲ್, ನಿಜ ಮಟ್ಟದ 15 ಪರ್ಸೆಂಟ್ ಒಳಗೆ ಬರದಿದ್ದರೆ ಆ ರನ್ ಬಿಟ್ಟುಬಿಡಿ.

ನಿಜವಾದ ತಲೆನೋವು ಅಂಕಿ ಬಂದ ಮೇಲೆ. ಮಿಲಿಲೀಟರಿಗೆ 2 ಮೈಕ್ರೋಗ್ರಾಂ ದಾಟಿದರೆ ಅಪಾಯ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬ್ಯೂಪಿವಕೇನ್‌ನಲ್ಲಿ ಸುಮಾರು 95 ಪರ್ಸೆಂಟ್ ಪ್ರೋಟೀನಿಗೆ, ಮುಖ್ಯವಾಗಿ ಆಲ್ಫಾ-1 ಆಸಿಡ್ ಗ್ಲೈಕೋಪ್ರೋಟೀನಿಗೆ, ಅಂಟಿಕೊಂಡಿರುತ್ತದೆ. ಬಸುರಿಯರಲ್ಲಿ ಆ ಪ್ರೋಟೀನೇ ಕಡಿಮೆ, ಆಪರೇಷನ್ ಆದ ಮೇಲೆ ಮತ್ತೆ ಏರುತ್ತದೆ. ಕೆಡುಕು ಮಾಡುವುದು ಅಂಟದೆ ಉಳಿದ ಭಾಗ. ಹಾಗಾಗಿ ಒಟ್ಟು ಮಟ್ಟವನ್ನು ಮಾತ್ರ ಅಳೆದು ರಿಪೋರ್ಟ್ ಬರೆಯುವುದು ನನಗೆ ಸರಿ ಕಾಣಲಿಲ್ಲ. ಅಂಟದ ಆ ಬಿಡಿ ಭಾಗಕ್ಕೆ ಅಲ್ಟ್ರಾಫಿಲ್ಟ್ರೇಶನ್ (ಪ್ರೋಟೀನು ದಾಟದ ಸೂಕ್ಷ್ಮ ಫಿಲ್ಟರಿನಲ್ಲಿ ಸೋಸುವುದು) ಮಾಡಿದೆ, 37 ಡಿಗ್ರಿಯಲ್ಲಿ, ಪಿಎಚ್ 7.4ಕ್ಕೆ ಸರಿಪಡಿಸಿ. ಪ್ಲಾಸ್ಮಾ ತೆರೆದಿಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಬಿಡಿ ಭಾಗ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಫಿಲ್ಟರೂ ಮದ್ದನ್ನು ಹಿಡಿದುಕೊಳ್ಳಬಹುದು, ಅದಕ್ಕೇ ಬರೀ ಬಫರಿನಲ್ಲಿ ಮದ್ದು ಕರಗಿಸಿ ಒಮ್ಮೆ ಸೋಸಿ, ಎಷ್ಟು ದಾಟಿ ಬಂತು ಅಂತ ಮೊದಲೇ ನೋಡಿಕೊಳ್ಳಿ.