ನಾಲ್ಕು ಮನೆಗಳ ಕಟ್ಟಡ: ಹೊಸ ಮಾಲೀಕರು ಮೊದಲು ನೋಡಬೇಕಾದದ್ದು

ಬೆಂಗಳೂರಿನ ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ನಾಲ್ಕು ಮನೆಗಳ ಕಟ್ಟಡವೊಂದು ನಿಮ್ಮ ಹೆಸರಿಗೆ ಬಂದಿದ್ದರೆ, ‘ಮನೆ ಬಾಡಿಗೆಗಿದೆ’ ಎಂಬ ಫಲಕ ತೂಗುಹಾಕುವ ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ. ಇಂಥ ಕಟ್ಟಡಗಳಲ್ಲಿ ನಾನು ಕಂಡ ಮನಸ್ತಾಪಗಳಲ್ಲಿ ಹೆಚ್ಚಿನವು ಬಾಡಿಗೆಯಿಂದಲ್ಲ, ನೀರಿನಿಂದ ಶುರುವಾದವು.

ನಗರದ ನೀರು ಪೂರೈಕೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಅಳತೆಯನ್ನು ಬಳಸುತ್ತಾರೆ. ಮನೆಗೆ ನಾಲ್ವರಂತೆ ಹದಿನಾರು ಜನರಿಗೆ ದಿನಕ್ಕೆ 2,160 ಲೀಟರ್ ಬೇಕು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಾದರೆ 4,320 ಲೀಟರ್ ಸಂಗ್ರಹವಿರಬೇಕು. ಸಂಪಿನ ಉದ್ದ, ಅಗಲ, ಆಳಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿ. ಒಂದು ಘನ ಮೀಟರಿಗೆ 1,000 ಲೀಟರ್. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಆಳದ ಸಂಪು 4,500 ಲೀಟರ್ ಹಿಡಿಯುತ್ತದೆಂದು ನೆಮ್ಮದಿಯಿಂದ ಇರುವಂತಿಲ್ಲ, ಏಕೆಂದರೆ ತಳದ ನೀರು ಪೂರ್ತಿಯಾಗಿ ಮೇಲೇರುವುದಿಲ್ಲ ಮತ್ತು ಸರದಿ ಒಮ್ಮೆ ತಪ್ಪಿದರೂ ಟ್ಯಾಂಕರ್ ಕರೆಸಲೇಬೇಕಾಗುತ್ತದೆ. ಆ ಟ್ಯಾಂಕರಿನ ಹಣವನ್ನು ಯಾರು, ಯಾವ ಲೆಕ್ಕದಲ್ಲಿ ಹಂಚಿಕೊಳ್ಳಬೇಕು ಎಂಬುದನ್ನು ಕರಾರು ಪತ್ರದಲ್ಲಿಯೇ ಬರೆಸಿಬಿಡಿ. ಸಂಪನ್ನೂ ತಾರಸಿಯ ಟ್ಯಾಂಕನ್ನೂ ಆರು ತಿಂಗಳಿಗೊಮ್ಮೆ ತೊಳೆಸಿ, ತಾರೀಖನ್ನು ಎಲ್ಲರಿಗೂ ಕಾಣುವಂತೆ ಟ್ಯಾಂಕಿನ ಮೇಲೆ ಬರೆಸಿ.

ನೀರಿನ ನಂತರ ಸೋರಿಕೆ. ಕೆಳಮನೆಯ ಚಾವಣಿಯಲ್ಲಿ ತೇವದ ಕಲೆ ಕಂಡೊಡನೆ ಗಾರೆ ಕೆಲಸದವರನ್ನು ಕರೆಸಬೇಡಿ. ಮೇಲ್ಮನೆಯವರು ಊರಿಗೆ ಹೋದಾಗಲೂ ಕಲೆ ಹರಡುತ್ತಲೇ ಇದ್ದರೆ ಸದಾ ನೀರು ತುಂಬಿರುವ ಪೂರೈಕೆಯ ಪೈಪನ್ನು ಮೊದಲು ಅನುಮಾನಿಸಬೇಕು. ಅವರು ಸ್ನಾನ ಮಾಡಿದ ಮೇಲಷ್ಟೇ ಒದ್ದೆಯಾಗುತ್ತಿದ್ದರೆ ಬಚ್ಚಲಿನ ನೆಲ ಅಥವಾ ನೀರು ಹೊರಹೋಗುವ ಕಿಂಡಿಯ ಸುತ್ತಲಿನ ಸಂದನ್ನು. ಕಿಂಡಿಯನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿ ಒಂದು ದಿನ ಬಿಟ್ಟು, ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ನೋಡಿ. ಕಲೆ ಗೆರೆ ದಾಟಿದರೆ ನೆಲದಲ್ಲೇ ದೋಷವಿದೆ, ದಾಟದಿದ್ದರೆ ಕಿಂಡಿಯ ಕೆಳಗಿನ ಪೈಪನ್ನು ನೋಡಬೇಕು. ಇಷ್ಟು ಮಾಡಿದರೆ ಬಚ್ಚಲಿನ ಟೈಲ್ಸ್ ಪೂರ್ತಿ ಕಿತ್ತುಹಾಕುವ ಖರ್ಚು ಎಷ್ಟೋ ಸಲ ಉಳಿಯುತ್ತದೆ. ತಾರಸಿಯ ಬಿರುಕುಗಳನ್ನು ಮುಂಗಾರಿಗೆ ಮುನ್ನ, ಏಪ್ರಿಲ್–ಮೇ ತಿಂಗಳ ಒಣ ದಿನಗಳಲ್ಲಿ ಮುಚ್ಚಿಸಿ.

ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮೀಟರ್ ಇರಲಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ಗಳ ಮಿತಿಯಿದ್ದು, ಬಾಡಿಗೆದಾರರೂ ಅದಕ್ಕೆ ಅರ್ಹರು. ಎರಡು ಮನೆಗಳಿಗೆ ಒಂದೇ ಮೀಟರ್ ಇಟ್ಟರೆ ಅವರ ಹಕ್ಕಿನ ಸೌಲಭ್ಯ ನಿಮ್ಮ ವ್ಯವಸ್ಥೆಯಿಂದಾಗಿ ತಪ್ಪಿಹೋಗಬಹುದು. ಮೋಟಾರು ಮತ್ತು ಮೆಟ್ಟಿಲಿನ ದೀಪಗಳನ್ನು ಮಾಲೀಕರ ಮೀಟರಿಗೆ ಸೇರಿಸುವುದು ನ್ಯಾಯ.

ಹನ್ನೊಂದು ತಿಂಗಳ ಕರಾರಿನ ರೂಢಿಗೆ ಕಾರಣವಿದೆ: 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅವಧಿ ಏನೇ ಇರಲಿ, ಬಾಡಿಗೆ, ಮುಂಗಡ, ಏರಿಕೆ, ಖಾಲಿ ಮಾಡುವ ಮುನ್ನ ಕೊಡಬೇಕಾದ ಸೂಚನೆಯ ಕಾಲ, ಬಣ್ಣ ಬಳಿಯುವ ಖರ್ಚು, ಇವೆಲ್ಲ ಅಂಕಿಗಳಲ್ಲಿ ನಮೂದಾಗಿರಲಿ. ‘ಆಮೇಲೆ ಮಾತಾಡಿಕೊಳ್ಳೋಣ’ ಎಂದು ಬಿಟ್ಟ ಪ್ರತಿಯೊಂದೂ ಮುಂಗಡ ಹಿಂತಿರುಗಿಸುವ ದಿನ ಎದುರಿಗೆ ಬಂದು ನಿಲ್ಲುತ್ತದೆ. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಡೆದು ರಸೀದಿ ಕೊಡಿ. ಆದಾಯ ತೆರಿಗೆಯಲ್ಲಿ, ನೀವು ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು ಉಳಿದ ಬಾಡಿಗೆಯ ಶೇ. 30ರಷ್ಟು ವಿನಾಯಿತಿ ರಿಪೇರಿಯ ಬಿಲ್ಲುಗಳಿಲ್ಲದೆಯೇ ದೊರೆಯುತ್ತದೆ.

ಬಾಡಿಗೆದಾರರು ಮನೆಗೆ ಬರುವ ದಿನ ಅವರೊಂದಿಗೆ ಕೋಣೆ ಕೋಣೆ ಸುತ್ತಿ ಗೋಡೆ, ನಲ್ಲಿ, ಸ್ವಿಚ್ಚು, ಮೀಟರಿನ ಓದುಗಳ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಬಿಡುವ ದಿನ ಅದೇ ಫೋಟೋಗಳನ್ನು ಹಿಡಿದು ಮತ್ತೊಮ್ಮೆ ಸುತ್ತಿ, ಸಹಜ ಸವೆತಕ್ಕೆ ಹಣ ಹಿಡಿಯದೆ, ಕಳೆಯಬೇಕಾದ್ದನ್ನು ಬರಹದಲ್ಲಿ ತೋರಿಸಿ, ಬೀಗದ ಕೈ ಪಡೆಯುವ ಹೊತ್ತಿಗೇ ಉಳಿದ ಮುಂಗಡವನ್ನು ಕೊಟ್ಟುಬಿಡಿ. ಮುಂದಿನ ಮನೆಗೆ ಅವರು ಮುಂಗಡ ಕಟ್ಟಬೇಕಾಗಿರುವುದು ಸಾಮಾನ್ಯವಾಗಿ ಅದೇ ಹಣದಿಂದ.