ಉತ್ತರದ ಚಳಿನಾಡಿನ ಹೊಲಗಳಲ್ಲಿ ಮಣ್ಣಿನ ಆರೋಗ್ಯ ಮತ್ತು ಪೋಷಕಾಂಶ ನಿರ್ವಹಣೆ: ಸಂಶೋಧನೆ ಕೈಗೊಳ್ಳುವ ಬಗೆ

ಫಿನ್‌ಲ್ಯಾಂಡ್, ಸ್ವೀಡನ್, ನಾರ್ವೆ, ಅಲಾಸ್ಕಾ ಹಾಗೂ ಕೆನಡಾದ ಉತ್ತರ ಭಾಗದ ಹೊಲಗಳಲ್ಲಿ ವಸಂತದಲ್ಲಿ ಬಿತ್ತಿದ ಬಾರ್ಲಿಯಾಗಲಿ ಓಟ್ಸ್ ಆಗಲಿ ನೆಲದ ಮೇಲಿರುವುದು ಹೆಚ್ಚುಕಡಿಮೆ ನಾಲ್ಕು ತಿಂಗಳು ಮಾತ್ರ. ಉಳಿದ ಕಾಲ ಹೊಲ ಒದ್ದೆಯಾಗಿರುತ್ತದೆ, ಹೆಪ್ಪುಗಟ್ಟಿರುತ್ತದೆ ಇಲ್ಲವೇ ಹಿಮದಡಿ ಇರುತ್ತದೆ. ಸಾರಜನಕ ಮತ್ತು ರಂಜಕ ಹೊಲದಿಂದ ಹೆಚ್ಚಾಗಿ ಜಾರಿಹೋಗುವುದು ಬೆಳೆ ಇಲ್ಲದ ಈ ಅವಧಿಯಲ್ಲಿ, ಅದರಲ್ಲೂ ಶರತ್ಕಾಲದ ಮಳೆಯಲ್ಲಿ ಮತ್ತು ಹಿಮ ಕರಗುವ ವಾರಗಳಲ್ಲಿ. ಆದ್ದರಿಂದ ಬಿತ್ತನೆಯಿಂದ ಕೊಯ್ಲಿನವರೆಗೆ ಮಾತ್ರ ಅಳೆಯುವ ಅಧ್ಯಯನ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅರ್ಧ ಲೆಕ್ಕವನ್ನಷ್ಟೇ ಕೊಡುತ್ತದೆ. ಈ ಬಗೆಯ ಸಂಶೋಧನೆಗೆ ಹೊಸದಾಗಿ ಇಳಿಯುವವರು ಯಾವ ಕ್ರಮದಲ್ಲಿ ಮುಂದುವರಿಯಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರಶ್ನೆಯನ್ನು ಕಿರಿದುಗೊಳಿಸುವುದು ಮೊದಲ ಕೆಲಸ. ‘ಈ ಮಣ್ಣು ಆರೋಗ್ಯವಾಗಿದೆಯೇ’ ಎಂಬ ಪ್ರಶ್ನೆಗೆ ಅಳತೆಯಿಂದ ಉತ್ತರ ಸಿಗುವುದಿಲ್ಲ. ‘ಈ ಜೇಡಿಮಣ್ಣಿನ ಹೊಲದಲ್ಲಿ ಶರತ್ಕಾಲದ ಉಳುಮೆ ಬಿಟ್ಟರೆ ಕರಗುನೀರಿನೊಂದಿಗೆ ಹೋಗುವ ರಂಜಕ ಕಡಿಮೆಯಾಗುವುದೇ’ ಎಂಬುದಕ್ಕೆ ಸಿಗುತ್ತದೆ, ಆದರೆ ಅಲ್ಲಿಯೂ ಇನ್ನೊಂದು ಹೆಜ್ಜೆ ಉಳಿದಿದೆ. ಉಳುಮೆ ಬಿಟ್ಟಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡು ಹೋಗುವ ರಂಜಕ ಇಳಿಯುತ್ತದೆ. ಮೇಲ್ಪದರದಲ್ಲಿಯೇ ರಂಜಕ ಶೇಖರವಾಗುವುದರಿಂದ ನೀರಿನಲ್ಲಿ ಕರಗಿ ಹೋಗುವ ರಂಜಕ ಏರಲೂಬಹುದು. ಯಾವ ರೂಪವನ್ನು ಅಳೆಯುತ್ತೇವೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ ಒಂದೇ ಹೊಲದಿಂದ ಎರಡು ವಿರುದ್ಧ ತೀರ್ಮಾನಗಳು ಹೊರಡುತ್ತವೆ.

ನೆಲದ ಹಿನ್ನೆಲೆ

ಉತ್ತರದ ಬಹುಪಾಲು ಮಣ್ಣು ಹಿಮನದಿಗಳು ಸರಿದ ಮೇಲೆ ರೂಪುಗೊಂಡ ಎಳೆಯ ಮಣ್ಣು. ಸೂಚಿಪರ್ಣಿ ಕಾಡಿನಡಿಯಲ್ಲಿ ಬೆಳೆದ ಹುಳಿ ಪಾಡ್ಸಾಲ್ (ಮೇಲ್ಪದರದ ಅಂಶಗಳು ಕೆಳಕ್ಕೆ ತೊಳೆದುಹೋದ ಮಣ್ಣು), ಹಳೆಯ ಸಮುದ್ರತಳದ ಜೇಡಿ, ಜೌಗಿನಲ್ಲಿ ಕೊಳೆಯದೆ ಉಳಿದ ಸಸ್ಯಾವಶೇಷದ ಪೀಟ್ ಇವು ಕೆಲವೇ ಕಿಲೊಮೀಟರುಗಳ ಅಂತರದಲ್ಲಿ ಸಿಗಬಹುದು. ಇವುಗಳಿಗೆ ಒಂದೇ ಮಾನದಂಡ ಹಚ್ಚಬಾರದು. ಪೀಟ್ ಮಣ್ಣು ಹಗುರ. ತೂಕದ ಲೆಕ್ಕದಲ್ಲಿ ಪೋಷಕಾಂಶ ಹೆಚ್ಚೆಂದು ಕಂಡರೂ ಒಂದು ಹೆಕ್ಟೇರಿನ ಮೇಲ್ಪದರದಲ್ಲಿರುವ ಒಟ್ಟು ಪ್ರಮಾಣ ಕಡಿಮೆಯಿರಬಹುದು. ಮಣ್ಣಿನ ಸಾಂದ್ರತೆಯನ್ನು, ಅಂದರೆ ಇಂತಿಷ್ಟು ಗಾತ್ರದ ಮಣ್ಣು ಎಷ್ಟು ತೂಗುತ್ತದೆ ಎಂಬುದನ್ನು, ಅಳೆಯದೆ ಶೇಕಡಾವಾರನ್ನು ಮಾತ್ರ ವರದಿ ಮಾಡುವುದು ಈ ಮಣ್ಣಿನಲ್ಲಿ ದಾರಿ ತಪ್ಪಿಸುತ್ತದೆ.

ಫಿನ್‌ಲ್ಯಾಂಡಿನ ಆಸ್ಟ್ರೊಬಾತ್ನಿಯಾ ಕರಾವಳಿಯ ಆಮ್ಲ ಸಲ್ಫೇಟ್ ಮಣ್ಣುಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು. ಹಿಮಗಡ್ಡೆಯ ಭಾರ ಇಳಿದ ಮೇಲೆ ಈ ನೆಲ ಇಂದಿಗೂ ಮೇಲೇರುತ್ತಿದ್ದು, ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ನಡುವೆ ಸಮುದ್ರ ಕಿರಿದಾಗುವ ಕ್ವಾರ್ಕೆನ್ ಭಾಗದಲ್ಲಿ ಏರಿಕೆಯ ವೇಗ ವರ್ಷಕ್ಕೆ ಸುಮಾರು 8ರಿಂದ 9 ಮಿಲಿಮೀಟರ್. ಹೀಗೆ ಮೇಲೆದ್ದ ಸಮುದ್ರತಳದ ಮಣ್ಣಿನಲ್ಲಿ ಸಲ್ಫೈಡ್ ಇರುತ್ತದೆ. ಬಸಿಗಾಲುವೆ ತೋಡಿದಾಗ ಅದಕ್ಕೆ ಗಾಳಿ ತಗುಲಿ ಗಂಧಕಾಮ್ಲ ಹುಟ್ಟುತ್ತದೆ, ರಸಸಾರ (pH) 4ಕ್ಕಿಂತ ಕೆಳಗಿಳಿಯುತ್ತದೆ, ಲೋಹಗಳು ಕರಗಿ ತೊರೆಗಳಿಗೆ ಸೇರುತ್ತವೆ. ಅನುಮಾನವಿದ್ದಲ್ಲಿ ಆಳದ ಪದರದಿಂದ ಕಪ್ಪುಬೂದು ಬಣ್ಣದ ಮಣ್ಣನ್ನು ತೆಗೆದು, ಆ ಕ್ಷಣದ ರಸಸಾರವನ್ನು ಅಳೆದು, ಅದೇ ಮಣ್ಣನ್ನು ತೇವ ಆರದಂತೆ ನೋಡಿಕೊಳ್ಳುತ್ತ ಕೆಲವು ವಾರ ಗಾಳಿಗೆ ತೆರೆದಿಟ್ಟು ಮತ್ತೆ ಅಳೆಯಬೇಕು. ತಟಸ್ಥಕ್ಕೆ ಹತ್ತಿರವಿದ್ದ ಸಂಖ್ಯೆ 4ರ ಕೆಳಕ್ಕೆ ಕುಸಿದರೆ ಸಂದೇಹ ಉಳಿಯುವುದಿಲ್ಲ. ಮೇಲ್ಪದರದ 20 ಸೆಂಟಿಮೀಟರ್ ಮಾತ್ರ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಈಗಾಗಲೇ ಇರುವ ದಾಖಲೆಗಳು

ಹೊಸ ಮಾದರಿ ತೆಗೆಯುವ ಮುನ್ನ ದೀರ್ಘಕಾಲದ ಪ್ರಯೋಗಗಳ ಫಲಿತಾಂಶಗಳನ್ನು ಓದುವುದು ಲಾಭದಾಯಕ, ಏಕೆಂದರೆ ಚಳಿನಾಡಿನಲ್ಲಿ ಸಾವಯವ ಇಂಗಾಲದ ಬದಲಾವಣೆ ಕಾಣಿಸಿಕೊಳ್ಳಲು ಹತ್ತಾರು ವರ್ಷ ಬೇಕು. ಡೆನ್ಮಾರ್ಕಿನ ಆಸ್ಕೊವ್‌ನಲ್ಲಿ 1894ರಿಂದ ಕೊಟ್ಟಿಗೆ ಗೊಬ್ಬರ ಮತ್ತು ರಾಸಾಯನಿಕ ಗೊಬ್ಬರಗಳ ಹೋಲಿಕೆ ನಡೆದಿದೆ. ಸ್ವೀಡನ್ನಿನ ಉಲ್ಟುನಾದಲ್ಲಿ 1956ರಿಂದ ಒಣಹುಲ್ಲು, ಹಸಿರೆಲೆ, ಕೊಟ್ಟಿಗೆ ಗೊಬ್ಬರ, ಪೀಟ್ ಮೊದಲಾದವನ್ನು ಇಂಗಾಲದ ಪ್ರಮಾಣ ಸಮನಾಗಿರುವಂತೆ ಹಾಕಿ ನೋಡಲಾಗುತ್ತಿದ್ದು, ಇಂಗಾಲ ಎಷ್ಟು ಹಾಕಿದೆವು ಎನ್ನುವಷ್ಟೇ ಯಾವ ರೂಪದಲ್ಲಿ ಹಾಕಿದೆವು ಎನ್ನುವುದೂ ಮುಖ್ಯವೆಂದು ಅದು ತೋರಿಸಿದೆ. ಕೆನಡಾದ ಆಲ್ಬರ್ಟಾದಲ್ಲಿ 1929ರಲ್ಲಿ ಆರಂಭವಾದ ಬ್ರೆಟನ್ ತಾಕುಗಳು ಕಾಡು ಕಡಿದು ಸಾಗುವಳಿಗೆ ತಂದ ಬಡ ಬೂದುಮಣ್ಣಿನ ಮೇಲಿವೆ. ಗೋಧಿ ಬೆಳೆದು ಮರುವರ್ಷ ಬೀಳುಬಿಡುವ ಪದ್ಧತಿಯನ್ನು ಮೇವಿನ ಬೆಳೆ ಸೇರಿದ ಐದು ವರ್ಷಗಳ ಬೆಳೆ ಪರಿವರ್ತನೆಯೊಂದಿಗೆ ಅಲ್ಲಿ ಹೋಲಿಸಲಾಗಿದ್ದು, ಅಂಥ ಮಣ್ಣಿನಲ್ಲಿ ಗಂಧಕದ ಕೊರತೆ ಎಷ್ಟು ತೀವ್ರವಾಗಬಹುದು ಎಂಬುದೂ ಬೆಳಕಿಗೆ ಬಂದಿದೆ.

ರಾಷ್ಟ್ರಮಟ್ಟದ ಮಣ್ಣಿನ ಸಮೀಕ್ಷೆಗಳನ್ನೂ ಬಿಡಬಾರದು. ಫಿನ್‌ಲ್ಯಾಂಡಿನಲ್ಲಿ 1974ರಿಂದ 2009ರ ನಡುವೆ ಪುನಃ ಪುನಃ ಮಾದರಿ ತೆಗೆದಾಗ ಸಾಗುವಳಿಯ ಖನಿಜ ಮಣ್ಣಿನ ಇಂಗಾಲ ವರ್ಷಕ್ಕೆ ಸರಾಸರಿ ಶೇ. 0.4ರಷ್ಟು ಇಳಿದಿರುವುದು ಕಂಡಿತು. ನೆರೆಯ ಸ್ವೀಡನ್ನಿನಲ್ಲಿ 1980ರ ದಶಕದ ಕೊನೆಯಿಂದೀಚಿನ ಸಮೀಕ್ಷೆಗಳು ಸಣ್ಣ ಏರಿಕೆಯನ್ನು ತೋರಿಸಿದವು. ಹುಲ್ಲುಗಾವಲಿನ ವಿಸ್ತೀರ್ಣ ಹೆಚ್ಚಿದ್ದು ಅದಕ್ಕೆ ಕಾರಣವೆಂದು ಹೇಳಲಾಗಿದೆ, ಮತ್ತು ಆ ಹುಲ್ಲಿಗೆ ಬೇಡಿಕೆ ತಂದದ್ದು ಹವ್ಯಾಸಕ್ಕಾಗಿ ಸಾಕುವ ಕುದುರೆಗಳು! ಮಣ್ಣಿನ ಇಂಗಾಲದ ಹಿಂದೆ ಕುದುರೆ ಸವಾರಿ ಇದ್ದೀತೆಂದು ಪ್ರಯೋಗಾಲಯದಲ್ಲಿ ಕುಳಿತು ಊಹಿಸುವುದು ಸಾಧ್ಯವಿಲ್ಲ. ಹೊಲದಲ್ಲಿ ಹಿಂದಿನ ಹತ್ತು ಹದಿನೈದು ವರ್ಷ ಏನು ಬೆಳೆದಿತ್ತು, ಯಾವಾಗ ಸುಣ್ಣ ಹಾಕಿದರು, ಬಸಿಕೊಳವೆ ಎಲ್ಲಿ ಹಾಯ್ದಿದೆ ಎಂಬುದನ್ನು ರೈತರಿಂದ ಕೇಳಿ ಬರೆದುಕೊಳ್ಳಲೇಬೇಕು.

ಮಾದರಿ ತೆಗೆಯುವುದು, ಪ್ರಯೋಗಾಲಯದ ಸಂಖ್ಯೆಯನ್ನು ಓದುವುದು

ಕೊಯ್ಲಿನ ನಂತರ, ನೆಲ ಹೆಪ್ಪುಗಟ್ಟುವ ಮುನ್ನ, ಗೊಬ್ಬರ ಅಥವಾ ಸುಣ್ಣ ಬೀಳುವ ಮೊದಲು ಮಾದರಿ ತೆಗೆಯುವುದು ಸೂಕ್ತ. ಪ್ರತಿ ವರ್ಷವೂ ಅದೇ ಕಾಲ, ಅದೇ ಆಳ ಇರಲಿ. ಒಂದೇ ಬಗೆಯ ಮಣ್ಣಿರುವ ಭಾಗದಲ್ಲಿ 15ರಿಂದ 20 ಕಡೆ ಕೊಳವೆಯಿಂದ ಮಣ್ಣು ತೆಗೆದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೆಂಟೆ ಪುಡಿಮಾಡಿ ಬೆರೆಸಿ ಒಂದು ಮಾದರಿ ಮಾಡಬೇಕು. ಹೊಲದ ಅಂಚು, ಟ್ರ್ಯಾಕ್ಟರ್ ತಿರುಗುವ ಜಾಗ, ಹಿಂದೆ ಗೊಬ್ಬರದ ರಾಶಿಯಿದ್ದ ಸ್ಥಳ ಇವುಗಳನ್ನು ಬಿಡಬೇಕು. ರಂಜಕ, ಪೊಟ್ಯಾಷ್, ರಸಸಾರಗಳ ಮಾದರಿಯನ್ನು ಒಣಗಿಸಬಹುದು; ನೈಟ್ರೇಟ್ (ನೀರಿನಲ್ಲಿ ಸುಲಭವಾಗಿ ಕರಗುವ ಸಾರಜನಕದ ರೂಪ) ಅಳೆಯುವ ಮಾದರಿಯನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಕೂಡಲೇ ಸಾಗಿಸಬೇಕು, ಇಲ್ಲವಾದರೆ ಚೀಲದೊಳಗೇ ಸೂಕ್ಷ್ಮಜೀವಿಗಳು ಸಂಖ್ಯೆಯನ್ನು ಬದಲಾಯಿಸಿಬಿಡುತ್ತವೆ.

ನನ್ನ ದೃಷ್ಟಿಯಲ್ಲಿ ಹೊಸಬರು ಹೆಚ್ಚು ಎಡವುವುದು ರಂಜಕದ ಸಂಖ್ಯೆಯಲ್ಲಿ, ಏಕೆಂದರೆ ಮಣ್ಣಿನಿಂದ ರಂಜಕವನ್ನು ಕರಗಿಸಿ ತೆಗೆಯಲು ಬಳಸುವ ದ್ರಾವಣ ದೇಶದಿಂದ ದೇಶಕ್ಕೆ ಬೇರೆ. ಫಿನ್‌ಲ್ಯಾಂಡ್ ಆಮ್ಲೀಯ ಅಮೋನಿಯಂ ಅಸಿಟೇಟ್ ದ್ರಾವಣವನ್ನು ಬಳಸಿ, ಒಂದು ಲೀಟರ್ ಮಣ್ಣಿಗೆ ಇಷ್ಟು ಮಿಲಿಗ್ರಾಂ ಎಂದು ವರದಿ ಮಾಡುತ್ತದೆ. ಸ್ವೀಡನ್ ಮತ್ತು ನಾರ್ವೆ ಅಮೋನಿಯಂ ಲ್ಯಾಕ್ಟೇಟ್ ದ್ರಾವಣವನ್ನು ಬಳಸಿ, 100 ಗ್ರಾಂ ಮಣ್ಣಿಗೆ ಇಷ್ಟು ಎನ್ನುತ್ತವೆ. ಕೆನಡಾದ ಕ್ವಿಬೆಕ್‌ನಲ್ಲಿ ಮೆಹ್ಲಿಚ್-3, ಡೆನ್ಮಾರ್ಕಿನಲ್ಲಿ ಓಲ್ಸೆನ್ ವಿಧಾನ. ಫಿನ್‌ಲ್ಯಾಂಡಿನ ದ್ರಾವಣ ದುರ್ಬಲವಾದ್ದರಿಂದ ಅಲ್ಲಿನ ಸಂಖ್ಯೆ ಚಿಕ್ಕದಾಗಿಯೇ ಬರುತ್ತದೆ. ಅದನ್ನು ಸ್ವೀಡನ್ನಿನ ಕೋಷ್ಟಕದ ಪಕ್ಕದಲ್ಲಿಟ್ಟು ‘ಕೊರತೆ’ ಎಂದು ಬರೆದರೆ ಇಡೀ ಶಿಫಾರಸು ತಲೆಕೆಳಗಾಗುತ್ತದೆ. ವಿಧಾನದ ಹೆಸರು, ಏಕಮಾನ, ಆಳ ಮತ್ತು ದಿನಾಂಕ ಇಲ್ಲದ ಸಂಖ್ಯೆಯನ್ನು ಕೋಷ್ಟಕಕ್ಕೆ ಸೇರಿಸಿಕೊಳ್ಳದಿರುವುದೇ ಲೇಸು. ರಸಸಾರಕ್ಕೂ ಇದೇ ಮಾತು: ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅಳೆದಾಗ ನೀರಿನಲ್ಲಿ ಅಳೆದುದಕ್ಕಿಂತ ಸಾಮಾನ್ಯವಾಗಿ ಅರ್ಧ ಅಂಕದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕೆಳಗಿನ ಸಂಖ್ಯೆ ಬರುತ್ತದೆ. ಇನ್ನು ಸಾವಯವ ಅಂಶವನ್ನು ಮಣ್ಣು ಸುಟ್ಟು ತೂಕದ ಇಳಿಕೆಯಿಂದ ಲೆಕ್ಕ ಹಾಕಿದಲ್ಲಿ, ಜೇಡಿಯ ಖನಿಜಗಳಲ್ಲಿ ಬಂಧಿಯಾಗಿದ್ದ ನೀರೂ ಸಾವಯವ ಅಂಶದ ಖಾತೆಗೆ ಸೇರಿಬಿಡುತ್ತದೆ.

ಸಲಿಕೆಯಿಂದ ಆಗುವ ಪರೀಕ್ಷೆ

ಮಣ್ಣಿನ ರಚನೆಯನ್ನು ನೋಡಲು ಸ್ಕಾಟ್ಲೆಂಡಿನಲ್ಲಿ ರೂಪಿಸಿದ ದೃಶ್ಯ ಪರೀಕ್ಷೆ ಸಾಕಷ್ಟು ವಿಶ್ವಾಸಾರ್ಹ. ಸಲಿಕೆಯಿಂದ ಸುಮಾರು 25 ಸೆಂಟಿಮೀಟರ್ ಆಳದ ಇಡೀ ಮಣ್ಣಿನ ಗಡ್ಡೆಯನ್ನು ಒಡೆಯದಂತೆ ಎತ್ತಿ, ಕೈಯಿಂದ ನಿಧಾನವಾಗಿ ಬಿಡಿಸಿ, 1ರಿಂದ 5ರವರೆಗೆ ಅಂಕ ಕೊಡಲಾಗುತ್ತದೆ. ಬೆರಳಿಗೆ ಸುಲಭವಾಗಿ ಉದುರುವ, ಬೇರು ಎಲ್ಲೆಡೆ ಹರಡಿದ ಮಣ್ಣು 1. ಬೇರು ಬಿರುಕಿನಲ್ಲಿ ಮಾತ್ರ ಚಪ್ಪಟೆಯಾಗಿ ಇಳಿದ, ಚೂಪುಮೂಲೆಯ ಗಟ್ಟಿ ಹೆಂಟೆ 5. ಕೊಯ್ಲಿನ ಹೊತ್ತಿಗೆ ನೆಲ ಒದ್ದೆಯಿರುವ ಈ ಪ್ರದೇಶಗಳಲ್ಲಿ ಭಾರೀ ಯಂತ್ರಗಳಿಂದಾಗುವ ಒತ್ತಡವೇ ಅನೇಕ ಹೊಲಗಳ ನಿಜವಾದ ತೊಂದರೆ. ಹೆಪ್ಪುಗಟ್ಟಿ ಕರಗುವುದರಿಂದ ಅದು ತಾನಾಗಿ ಸರಿಹೋಗುತ್ತದೆಂಬ ನಂಬಿಕೆ ಮೇಲ್ಪದರದ ಮಟ್ಟಿಗೆ ಒಂದಿಷ್ಟು ನಿಜ, ಕೆಳಪದರಕ್ಕೆ ಅನ್ವಯಿಸದು.

ಎರೆಹುಳು ಎಣಿಸುವವರು ಒಂದು ಸಂಗತಿಯನ್ನು ನೆನಪಿಡಬೇಕು. ಉತ್ತರ ಅಮೆರಿಕದಲ್ಲಿ ಹಿಮಗಡ್ಡೆ ಮುಚ್ಚಿದ್ದ ಬಹುಪಾಲು ಪ್ರದೇಶದಲ್ಲಿ ಸ್ಥಳೀಯ ಎರೆಹುಳುಗಳೇ ಇರಲಿಲ್ಲ. ಈಗಿರುವವು ಹೆಚ್ಚಾಗಿ ಯುರೋಪಿನಿಂದ ಬಂದವು. ಕಾಡು ಕಡಿದು ಹೊಸದಾಗಿ ತೆರೆದ ಹೊಲದಲ್ಲಿ ಹುಳು ಇಲ್ಲವೆಂದ ಮಾತ್ರಕ್ಕೆ ಆ ಮಣ್ಣು ಸತ್ತಿದೆ ಎನ್ನಲಾಗದು.

ಪೋಷಕಾಂಶದ ಜಮಾಖರ್ಚು

ಉಪಕರಣವಿಲ್ಲದೆಯೂ ಮಾಡಬಹುದಾದ, ನಿರ್ವಹಣೆಗೆ ನೇರವಾಗಿ ಒದಗುವ ಅಧ್ಯಯನವೆಂದರೆ ಹೊಲಕ್ಕೆ ಬಂದದ್ದು ಮತ್ತು ಹೋದದ್ದರ ಲೆಕ್ಕ. ಹೆಕ್ಟೇರಿಗೆ 4,000 ಕಿಲೊ ಬಾರ್ಲಿ ಬಂದಿದೆ, ತೇವಾಂಶ ಶೇ. 15, ಒಣಕಾಳಿನ ಪ್ರೋಟೀನ್ ಶೇ. 11.5 ಎಂದು ಇಟ್ಟುಕೊಳ್ಳೋಣ. ಒಣತೂಕ 3,400 ಕಿಲೊ, ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಶೇ. 1.84, ಕಾಳಿನೊಂದಿಗೆ ಹೊರಹೋದ ಸಾರಜನಕ ಸುಮಾರು 63 ಕಿಲೊ. ಹಾಕಿದ್ದು 90 ಕಿಲೊ ಆಗಿದ್ದರೆ 27 ಕಿಲೊ ಉಳಿಯಿತು. ಆ ಉಳಿಕೆ ಮಣ್ಣಿನಲ್ಲಿದೆಯೋ, ಬಸಿದುಹೋಗಲು ಸಿದ್ಧವಾಗಿದೆಯೋ ಎಂಬುದನ್ನು ಶರತ್ಕಾಲದ ನೈಟ್ರೇಟ್ ಪರೀಕ್ಷೆ ಹೇಳುತ್ತದೆ. ಕೆನಡಾದ ಗೊಬ್ಬರದ ಚೀಲದ ಮೇಲೆ ರಂಜಕವನ್ನು ಆಕ್ಸೈಡ್ ರೂಪದಲ್ಲಿ ಬರೆದಿರುತ್ತಾರೆ. ಶುದ್ಧ ರಂಜಕಕ್ಕೆ ಅದನ್ನು 0.436ರಿಂದ, ಪೊಟ್ಯಾಷನ್ನು ಪೊಟ್ಯಾಸಿಯಂ ಮಾಡಲು 0.83ರಿಂದ ಗುಣಿಸಬೇಕು.

ತಣ್ಣನೆಯ ವಸಂತದಲ್ಲಿ ಮಣ್ಣಿನಲ್ಲಿ ರಂಜಕವಿದ್ದರೂ ಎಳೆಯ ಬೇರಿಗೆ ಎಟುಕುವುದಿಲ್ಲ, ಏಕೆಂದರೆ ಬೇರಿನ ಬೆಳವಣಿಗೆ, ರಂಜಕದ ಚಲನೆ ಎರಡೂ ನಿಧಾನ. ಬೀಜದ ಪಕ್ಕದಲ್ಲಿ ಕೂರಿಗೆಯಿಂದಲೇ ಗೊಬ್ಬರ ಇಳಿಸುವ ಪದ್ಧತಿ ನಾರ್ಡಿಕ್ ದೇಶಗಳಲ್ಲಿ ನೆಲೆಗೊಂಡಿರುವುದು ಇದರಿಂದಲೇ, ಆದ್ದರಿಂದ ಪ್ರಮಾಣವನ್ನಷ್ಟೇ ಅಲ್ಲದೆ ಗೊಬ್ಬರ ಬಿದ್ದ ಜಾಗವನ್ನೂ ಪ್ರಯೋಗದ ಅಂಶವಾಗಿ ಸೇರಿಸಬೇಕು.

ಚಳಿಗಾಲದ ಅಳತೆ

ಬಸಿಕೊಳವೆಯ ಬಾಯಿಯಲ್ಲಿ ನೀರಿನ ಹರಿವು ಮತ್ತು ಮಾದರಿಗಳನ್ನು ಒಟ್ಟಿಗೆ ದಾಖಲಿಸುವುದು ಈ ಸಂಶೋಧನೆಯ ತಿರುಳು. ತಿಂಗಳಿಗೊಮ್ಮೆ ನೀರು ಹಿಡಿದರೆ ಹಿಮ ಕರಗುವ ಆ ಕೆಲವು ದಿನಗಳು ತಪ್ಪಿಹೋಗುತ್ತವೆ. ಹರಿವಿಗೆ ತಕ್ಕಂತೆ ಮಾದರಿ ಹಿಡಿಯುವ ಯಂತ್ರವಿಲ್ಲದಿದ್ದಲ್ಲಿ ಕರಗುವ ವಾರಗಳಲ್ಲಿ ದಿನವೂ ಹೋಗಬೇಕಾಗುತ್ತದೆ. ಮಣ್ಣಿನಿಂದ ಹೊರಬೀಳುವ ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಅಳೆಯುವವರಿಗೂ ಇದೇ ಕಾಲ ನಿರ್ಣಾಯಕ, ಹೆಪ್ಪು ಕರಗುವಾಗ ಅದು ಒಮ್ಮೆಲೇ ಹೊಮ್ಮುತ್ತದೆ. ಹೊದಿಕೆ ಬೆಳೆ ಶರತ್ಕಾಲದ ನೈಟ್ರೇಟನ್ನು ಹಿಡಿದಿಡುತ್ತದೆ, ಆದರೆ ಹಿಮಕ್ಕೆ ಸಿಕ್ಕಿ ಜೀವಕೋಶ ಒಡೆದ ಎಲೆಗಳಿಂದ ಕರಗಿದ ರಂಜಕ ಹರಿದುಹೋಗುತ್ತದೆ. ಎರಡನ್ನೂ ಅಳೆಯದೆ ಹೊದಿಕೆ ಬೆಳೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ನ್ಯಾಯವಲ್ಲ. ಫಿನ್‌ಲ್ಯಾಂಡಿನ ಜೇಡಿಹೊಲಗಳಲ್ಲಿ ಹೆಕ್ಟೇರಿಗೆ 4 ಟನ್ ಜಿಪ್ಸಂ ಹಾಕಿ ಬಾಲ್ಟಿಕ್ ಸಮುದ್ರ ಸೇರುವ ರಂಜಕವನ್ನು ತಗ್ಗಿಸುವ ಪ್ರಯತ್ನವೂ ಇಂಥ ನೀರಿನ ಅಳತೆಯ ಮೇಲೆಯೇ ನಿಂತಿದೆ.

ತಾಕುಗಳ ವಿನ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಗೊಬ್ಬರವಿಲ್ಲದ ತಾಕು ಕಡ್ಡಾಯವಾಗಿ ಇರಬೇಕು, ಪ್ರತಿ ಉಪಚಾರವೂ (ಹೋಲಿಸಿ ನೋಡುವ ಪ್ರತಿ ಗೊಬ್ಬರ ಅಥವಾ ಸಾಗುವಳಿ ಕ್ರಮವೂ) ಕನಿಷ್ಠ ನಾಲ್ಕು ಕಡೆ ಪುನರಾವರ್ತನೆಯಾಗಬೇಕು, ಇಳಿಜಾರಿಗೆ ಅಡ್ಡಲಾಗಿ ಗುಂಪು ಮಾಡಿ ಒಳಗೆ ಚೀಟಿ ಎತ್ತಿ ಹಂಚಬೇಕು. ಹಿಮದ ದಪ್ಪ ಮತ್ತು ಮಣ್ಣಿನ ಉಷ್ಣತೆಯನ್ನು ತಾಕಿನ ಪಕ್ಕದಲ್ಲಿಯೇ ದಾಖಲಿಸಬೇಕು, ಏಕೆಂದರೆ ಗಾಳಿ ಹಿಮವನ್ನು ಒಂದೆಡೆ ಗುಡ್ಡೆ ಹಾಕಿ ಇನ್ನೊಂದೆಡೆ ನೆಲವನ್ನು ಬರಿದು ಮಾಡುತ್ತದೆ. ಚಳಿಗಾಲದ ಗೋಧಿಯೋ ಕ್ಲೋವರ್ ಹುಲ್ಲೋ ಸತ್ತುಹೋದ ತಾಕುಗಳನ್ನು ಕೋಷ್ಟಕದಿಂದ ತೆಗೆದುಹಾಕುವ ಅಭ್ಯಾಸ ಕೆಲವೆಡೆ ಇದೆ. ಹಾಗೆ ಮಾಡಬಾರದು, ಸತ್ತ ಸಸ್ಯಗಳ ಪ್ರಮಾಣವನ್ನು ಅಂದಾಜಿಸಿ, ಆ ವಸಂತದ ನೈಟ್ರೇಟ್ ಮತ್ತು ಬಸಿನೀರಿನ ಅಳತೆಗಳೊಂದಿಗೆ ಪ್ರತ್ಯೇಕ ಸಾಲಿನಲ್ಲಿ ಬರೆದಿಟ್ಟರೆ, ಅಂಥ ವರ್ಷಗಳಲ್ಲಿ ಪೋಷಕಾಂಶ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಆ ತಾಕುಗಳಿಂದಲೇ ಉತ್ತರ ದೊರೆಯುತ್ತದೆ.