ಲಸಿಕೆ ಬಗ್ಗೆ ಫಾರ್ವರ್ಡ್ ಬಂದರೆ

ನಿನ್ನೆ ಗ್ರೂಪಿಗೆ ಬಂದ ವಾಯ್ಸ್ ಮೆಸೇಜ್ ಕೇಳಿದ್ರಲ್ವಾ? "ದಾವಣಗೆರೆ ಹತ್ರ ಲಸಿಕೆ ಹಾಕಿಸಿದ ಮಗುವಿಗೆ ಫಿಟ್ಸ್, ಎಲ್ಲರಿಗೂ ಕಳಿಸಿ." ಯಾವ ಹಳ್ಳಿ, ಯಾವ ಲಸಿಕೆ, ಯಾವತ್ತು? ಒಂದೂ ಇಲ್ಲ. ಜೊತೆಗಿದ್ದ ಫೋಟೋವನ್ನು, ಅದು ಎಲ್ಲಿಯದು ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿದೆ. ಹಳೇದು, ಬೇರೆ ರಾಜ್ಯದ್ದು!

ಹಾಗಂತ ಅಡ್ಡ ಪರಿಣಾಮವೇ ಇಲ್ಲ ಅನ್ನುವುದೂ ಸುಳ್ಳು. ಮಗುವಿಗೆ 6, 10, 14ನೇ ವಾರದಲ್ಲಿ ಹಾಕುವ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ) ಆದ ಮೇಲೆ ಒಂದೆರಡು ದಿನ ಜ್ವರ, ತೊಡೆಯಲ್ಲಿ ಊತ ಮಾಮೂಲು. ಜೋರು ಅಲರ್ಜಿ ತೀರಾ ಅಪರೂಪ. ಬಂದರೂ ಹೆಚ್ಚಾಗಿ ಬೇಗನೇ ಕಾಣುತ್ತದೆ. ಅರ್ಧ ಗಂಟೆ ಕೂರಿಸುವುದು ಅದಕ್ಕೇ. ನಾವೋ, ಆಟೋ ಹತ್ತುವ ಅವಸರದಲ್ಲಿರುತ್ತೇವೆ! ಲಸಿಕೆ ಆದ ಮೇಲೆ ಏನೋ ಆಯಿತು ಅಂದರೆ ಲಸಿಕೆಯಿಂದಲೇ ಆಯಿತು ಅಂತಲ್ಲ, ಅದನ್ನು ಡಾಕ್ಟರ್ ನೋಡಿ ಹೇಳಬೇಕು. ಅನುಮಾನ ಇದ್ದರೆ ಗ್ರೂಪಿಗಿಂತ ಮೊದಲು ಆಶಾ ಅಕ್ಕನಿಗೆ ಹೇಳಿ, ಇಲ್ಲಾ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.